ಹುರಿಗಡಲೆ ಊರಿಗೆ ಮೂವರು

ನಮ್ಮ ಮನೆಯಲ್ಲಿ ಆ ಊರಿನ ಹೆಸರನ್ನು ಸರಿಯಾಗಿ ಹೇಳುತ್ತಿದ್ದವಳು ನಾನೊಬ್ಬಳೇ. ಉಳಿದವರಿಗೆಲ್ಲ ಅದು ಹುರಿಗಡಲೆ. ನಕಾಶೆಯಲ್ಲಿ ಹುರ್ಘಾಡಾ ಎಂದಿತ್ತು. ಈಜಿಪ್ಟ್ ದೇಶದ ಊರು, ಒಂದು ಕಡೆ ಬರೀ ಮರಳುಗಾಡು, ಇನ್ನೊಂದು ಕಡೆ ಕೆಂಪು ಸಮುದ್ರ. ಅಪ್ಪ ಮೊದಲ ದಿನ ಆ ಹೆಸರನ್ನು ಎರಡು ಸಲ ಬಾಯಲ್ಲಿ ಹೊರಳಾಡಿಸಿ ನೋಡಿ, ಮೂರನೇ ಸಲಕ್ಕೆ ಹುರಿಗಡಲೆ ಮಾಡಿಬಿಟ್ಟ. ಒಂದು ವಾರದೊಳಗೆ ನಮ್ಮ ವಠಾರದ ಬಾಡಿಗೆಯವರೆಲ್ಲ "ಹುರಿಗಡಲೆಗೆ ಯಾವಾಗ ಹೊರಡ್ತೀರಿ" ಎಂದು ಕೇಳತೊಡಗಿದರು. ತಿದ್ದಿ ತಿದ್ದಿ ನನಗೇ ಸಾಕಾಯಿತು. ಕೊನೆಗೊಂದು ದಿನ ಆಫೀಸಿನಲ್ಲಿ ಗಿರಾಕಿಯೊಬ್ಬರ ಮುಂದೆ ನಾನೇ ಹುರಿಗಡಲೆ ಎಂದು ಹೇಳಿ ನಾಲಿಗೆ ಕಚ್ಚಿಕೊಂಡೆ.

ಆ ಪ್ರವಾಸ ಮುಗಿದು ಎಷ್ಟೋ ವರ್ಷವಾಯಿತು. ಆದರೆ ಹೋಗಿ ಬಂದದ್ದಕ್ಕಿಂತ ಹೊರಡುವ ಮುಂಚಿನ ಮೂರು ತಿಂಗಳೇ ನನಗೆ ಹೆಚ್ಚು ನೆನಪಿನಲ್ಲಿವೆ. ಅಷ್ಟು ಸಡಗರವನ್ನು ನಮ್ಮ ಮನೆ ಯಾವ ಮದುವೆಯಲ್ಲೂ ಕಂಡಿರಲಿಲ್ಲ. ನಾನು ನಾಚಿಕೊಳ್ಳಬೇಕಾದ ಒಂದು ಸಂಗತಿಯೂ ಆ ಮೂರು ತಿಂಗಳಲ್ಲೇ ಇದೆ. ಅದನ್ನೂ ಬರೆಯುತ್ತೇನೆ.

ಎರಡು ಸಾವಿರದ ಇಸವಿ ಕಳೆದು ಮೂರ್ನಾಲ್ಕು ವರ್ಷವಾಗಿತ್ತು. ನಾನು ಶಿವಾಜಿನಗರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿದ್ದ ಒಂದು ಟ್ರಾವೆಲ್ಸ್ ಆಫೀಸಿನಲ್ಲಿ ಟಿಕೆಟ್ ಮಾಡುವ ಕೆಲಸದಲ್ಲಿದ್ದೆ. ಕೆಳಗೆ ಸೂಟ್‌ಕೇಸ್ ಅಂಗಡಿ, ಮೇಲೆ ನಾವು. ಬರುತ್ತಿದ್ದವರಲ್ಲಿ ಮುಕ್ಕಾಲು ಪಾಲು ಅರಬ್ ದೇಶಗಳಿಗೆ ಕೆಲಸಕ್ಕೆ ಹೋಗುವವರು, ಇಲ್ಲವೇ ಉಮ್ರಾ ಯಾತ್ರೆಗೆ ಹೋಗುವ ಹಿರಿಯರು. ದಮ್ಮಾಮ್, ಜೆಡ್ಡಾ, ಮಸ್ಕತ್ ಎಂಬ ಹೆಸರುಗಳು ನನ್ನ ಬಾಯಲ್ಲಿ ನಮ್ಮ ಬಸ್ ದಾರಿಯ ಟಿನ್ ಫ್ಯಾಕ್ಟರಿ, ಮಾರತ್ತಹಳ್ಳಿ ಅಂದಷ್ಟೇ ಸಲೀಸಾಗಿ ಬರುತ್ತಿದ್ದವು. ಏಳು ವರ್ಷ ಊರಿನವರನ್ನೆಲ್ಲ ವಿಮಾನ ಹತ್ತಿಸಿದ್ದೆ. ನಾನು ಮಾತ್ರ ಒಂದು ಸಲವೂ ಹತ್ತಿರಲಿಲ್ಲ. ಸಂಜೆ ಮನೆಗೆ ಬಂದು ತಾರಸಿ ಹತ್ತಿದರೆ ದೂರದಲ್ಲಿ ವಿಮಾನ ಇಳಿಯುವುದು ಕಾಣುತ್ತಿತ್ತು. ಇದು ಯಾವ ಊರಿನದು, ಎಷ್ಟು ತಡವಾಗಿ ಬಂತು ಎಂದು ಹೇಳಿಬಿಡುತ್ತಿದ್ದೆ. ನನ್ನ ವಿಮಾನದ ಸುಖ ಅಷ್ಟೇ.

ಆಫೀಸಿನ ಮಾಲೀಕರು ಅರವತ್ತು ದಾಟಿದ ಹಿರಿಯರು. ಮನೆಯಲ್ಲಿ ದಖ್ಖನಿ, ಗಿರಾಕಿಗಳ ಜೊತೆ ತಮಿಳು, ನನ್ನ ಜೊತೆ ಅವರದೇ ಕನ್ನಡ. ಒಂದು ಬೆಳಿಗ್ಗೆ ಕರೆದು ಒಂದು ಹಾಳೆ ಮುಂದಿಟ್ಟರು.

"ದೇಖೋ ಬೇಟಾ, ಈಜಿಪ್ಟಿಂದ ಬಂದೈತೆ. ಟ್ರಾವೆಲ್ಸ್ ಆಫೀಸಿನೋರಿಗೆ ಅಂತ ಟಿಕೆಟ್‌ಗೂ ಹೋಟೆಲಿಗೂ ರಿಯಾಯ್ತಿ. ನಾನು ಹೋಗಿ ಆ ಸಮುದ್ರದಲ್ಲಿ ಏನು ಮಾಡ್ಲಿ? ನೀನು ಹೋಗಿ ಬಾ. ಜೊತೆಗೆ ಇನ್ನಿಬ್ಬರನ್ನ ಕರ್ಕೊಂಡ್ ಹೋಗ್ಬಹುದು."

ಹಾಳೆಯಲ್ಲಿ ಮೂರು ಗೆರೆಗಳಿದ್ದವು. ಒಂದರ ಮೇಲೆ ನನ್ನ ಹೆಸರು, ಎರಡನೆಯದರ ಮೇಲೆ ಅಪ್ಪನದು, ಮೂರನೆಯದರ ಮೇಲೆ ಅಮ್ಮನದು. ಪೆನ್ನು ಎತ್ತದೆ ಬರೆದೆ. ಇದೇ ನಾನು ಹೇಳಿದ ನಾಚಿಕೆಯ ಸಂಗತಿ. ಯಾಕೆಂದರೆ ನಮ್ಮ ಮನೆಯಲ್ಲಿ ನಾವಿದ್ದದ್ದು ನಾಲ್ಕು ಜನ.

ನಾಲ್ಕನೆಯವಳು ಅತ್ತೆ, ಅಪ್ಪನ ಅಕ್ಕ. ಇಪ್ಪತ್ತರ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದವಳು. ತಮ್ಮನನ್ನು ಬೆಳೆಸಿದಳು, ತಮ್ಮನಿಗೆ ಮದುವೆ ಮಾಡಿಸಿದಳು, ಆಮೇಲೆ ನನ್ನನ್ನು ಬೆಳೆಸಿದಳು. ನನಗೆ ಅಮ್ಮನಿಗಿಂತ ಅತ್ತೆಯ ಹತ್ತಿರ ಸಲಿಗೆ ಹೆಚ್ಚು, ಪೆಟ್ಟು ತಿಂದದ್ದೂ ಅವಳಿಂದಲೇ ಹೆಚ್ಚು. ಇಷ್ಟೆಲ್ಲ ಇದ್ದೂ ಆ ಮೂರು ಗೆರೆ ಕಂಡಾಗ ಅವಳ ನೆನಪು ನನಗೆ ಬರಲಿಲ್ಲ. ಬಂದಿತ್ತು, ಆದರೆ ಯೋಚಿಸುತ್ತ ಕೂರಲಿಲ್ಲ ಎಂದರೆ ಸರಿಯೇನೋ. ಅತ್ತೆ ಎಲ್ಲಿಗೂ ಬರುವವಳಲ್ಲ ಎಂಬುದು ನಮ್ಮ ಮನೆಯ ಗೋಡೆಗಳಿಗೂ ಗೊತ್ತಿದ್ದ ವಿಷಯ.

ಆ ಸಂಜೆ ಹೋಟೆಲಿನವರು ಕಳಿಸಿದ್ದ ಬಣ್ಣದ ಪುಸ್ತಕವನ್ನೂ ತಂದಿದ್ದೆ. ನಾಲ್ವರೂ ಜಗಲಿಯ ಮೇಲೆ ಅದರ ಸುತ್ತ ಕೂತೆವು. ಅಪ್ಪನಿಗೆ ಮೊದಲ ಪುಟದಲ್ಲೇ ಅನುಮಾನ ಶುರುವಾಯಿತು. ಅವನು ದ್ರಾಕ್ಷಿ ಬೆಳೆದ ರೈತ. ರಾಮಮೂರ್ತಿನಗರದ ಆಚೆ ನಮ್ಮ ಹಳ್ಳಿಯ ತೋಟಗಳೆಲ್ಲ ಸೈಟುಗಳಾದ ಮೇಲೆ, ನಮ್ಮ ತೋಟದಲ್ಲೂ ಸಾಲುಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದ. ಆದರೆ ಎಲ್ಲಿ ಏನು ಕಂಡರೂ ಮೊದಲು ನೀರಿನ ವಿಚಾರವೇ ಅವನ ತಲೆಗೆ ಬರುತ್ತಿತ್ತು.

"ಮರಳುಗಾಡು ಅಂತೀಯ, ಸಮುದ್ರ ಅಂತೀಯ. ಅಷ್ಟು ನೀರು ಪಕ್ಕದಲ್ಲೇ ಇಟ್ಕೊಂಡು ಯಾಕೆ ಮರಳುಗಾಡು ಮಾಡ್ಕೊಂಡವ್ರೆ?"

"ಉಪ್ಪು ನೀರಪ್ಪ."

"ಹಂಗಾದ್ರೆ ಬೋರ್ ಹಾಕ್ಸಬೇಕಿತ್ತು," ಎಂದು ಅವನು ಈಜಿಪ್ಟಿನ ಮೇಲೆ ಬೇಸರ ಮಾಡಿಕೊಂಡ.

ಅಮ್ಮನ ಚಿಂತೆ ಬೇರೆ. "ಕೆಂಪು ಸಮುದ್ರ ಅಂದ್ರೆ ಬಟ್ಟೆಗೆ ಬಣ್ಣ ಹತ್ತುತ್ತಾ?"

ಅತ್ತೆ ಏನೂ ಕೇಳಲಿಲ್ಲ. ಒಂದು ಪುಟದ ಮೇಲೆ ಕೈಯಿಟ್ಟು ತಿರುವಲು ಬಿಡಲಿಲ್ಲ, ಅಷ್ಟೇ. ನೀರೊಳಗೆ ತೆಗೆದ ಚಿತ್ರ ಅದು. ಹವಳದ ದಿಬ್ಬ, ಅದರ ಸಂದಿನಲ್ಲಿ ಹಳದಿ ಮೀನು, ಮೇಲೆ ಒಬ್ಬ ಹೆಂಗಸು ಕನ್ನಡಕದಂಥದ್ದು ಹಾಕಿಕೊಂಡು ಕೈ ಚಾಚಿ, ಕಾಲ ಹತ್ತಿರ ನೊರೆಯೆಬ್ಬಿಸುತ್ತ ತೇಲುತ್ತಿದ್ದಳು.

"ಕಾಲು ಜಾಸ್ತಿ ಬಡಿತಾವಳೆ," ಎಂದಳು ಅತ್ತೆ. "ಇಷ್ಟು ತಿಳಿ ನೀರಲ್ಲಿ ಕಾಲು ಬಡೀಬಾರದು, ಸುಮ್ನೆ ಮಲಗಬೇಕು."

ಆಗ ನನಗೆ ನೆನಪಾಯಿತು, ನಮ್ಮ ಮನೆಯಲ್ಲಿ ಈಜು ಬರುವುದು ಅತ್ತೆಯೊಬ್ಬಳಿಗೇ. ದ್ರಾಕ್ಷಿ ತೋಟದಲ್ಲಿ ನಮ್ಮದೊಂದು ದೊಡ್ಡ ಬಾವಿಯಿತ್ತು, ಮೆಟ್ಟಿಲಿದ್ದದ್ದು. ಅತ್ತೆ ಸೀರೆಯನ್ನು ಕಚ್ಚೆ ಹಾಕಿಕೊಂಡು ಮೇಲಿನ ಕಲ್ಲಿನಿಂದ ಹಾರುತ್ತಿದ್ದಳಂತೆ. ಹಳ್ಳಿಯ ಅರ್ಧ ಮಕ್ಕಳಿಗೆ ಬೆನ್ನಿಗೆ ಸೋರೆಬುರುಡೆ ಕಟ್ಟಿ ಈಜು ಕಲಿಸಿದವಳು ಅವಳೇ. ಅಪ್ಪನಿಗೆ ಮಾತ್ರ ಎಷ್ಟು ಬುರುಡೆ ಕಟ್ಟಿದರೂ ಬರಲಿಲ್ಲ. ಆ ಬಾವಿ ಮುಚ್ಚಿ ಆಗಲೇ ಇಪ್ಪತ್ತು ವರ್ಷವಾಗಿತ್ತು. ಈಗ ಅದರ ಮೇಲೆ ಮೂರನೇ ಸಾಲಿನ ಮನೆಗಳಿವೆ. ಅಲ್ಲಿಂದೀಚೆ ಅತ್ತೆ ಬಕೆಟ್ಟಿಗಿಂತ ದೊಡ್ಡ ನೀರಿಗೆ ಇಳಿದಿರಲಿಲ್ಲ.

ಅವಳಿಗೆ ಬರಬೇಕೆಂದಿದೆ. ಆ ಪುಟದ ಮೇಲಿದ್ದ ಕೈ ನೋಡಿದಾಗಲೇ ನನಗೆ ಗೊತ್ತಾಯಿತು. ಗೊತ್ತಾಗಿಯೂ ಬಾಯಿ ಬಿಡಲಿಲ್ಲ. ಮೂರು ಗೆರೆ ತುಂಬಿಬಿಟ್ಟಿದ್ದೆ, ಅಳಿಸಿದರೆ ಯಾರದನ್ನು ಅಳಿಸಲಿ? ನಾಲ್ಕನೆಯವರಿಗೆ ಪೂರ್ತಿ ಟಿಕೆಟ್ ಮಾಡಿಸಬಹುದಿತ್ತು, ನನ್ನ ಕೆಲಸವೇ ಅದು. ನಾಳೆ ಹೇಳೋಣ ಎಂದುಕೊಂಡೆ. ಎರಡು ತಿಂಗಳು ಹಾಗೆಯೇ ನಾಳೆ ಎನ್ನುತ್ತ ಕಳೆದೆ.

ಹಾಗೆಂದು ಮನೆಯಲ್ಲಿ ಬೇಸರದ ವಾತಾವರಣವಿತ್ತು ಎಂದುಕೊಳ್ಳಬೇಡಿ. ಎಲ್ಲರೂ ನೆಲದ ಮೇಲೆ ನಿಲ್ಲದಂತಾಗಿದ್ದರು. ಎಲ್ಲರಿಗಿಂತ ಹೆಚ್ಚು ಕುಣಿದವಳು ಅತ್ತೆಯೇ. ತಾನು ಹೋಗದ ಪ್ರವಾಸಕ್ಕೆ ಅಷ್ಟು ತಯಾರಿ ಮಾಡಿದವರನ್ನು ನಾನು ಬೇರೆ ಕಂಡಿಲ್ಲ. ಅಲ್ಲಿ ಅನ್ನ ಸಿಗದಿದ್ದರೆ ಎಂದು ಚಟ್ನಿಪುಡಿ ಕುಟ್ಟಿದಳು. ಕೊಬ್ಬರಿ ಹಾಕಿದರೆ ಬಿಸಿಲಿಗೆ ಕೆಡುತ್ತದೆ ಎಂದು ಹಾಕದೆ ಇನ್ನೊಂದು ಸಲ ಕುಟ್ಟಿದಳು. ಸಾಲುಮನೆಯಲ್ಲಿ ರಾಯಚೂರು ಕಡೆಯ ಒಂದು ಕುಟುಂಬವಿತ್ತು, ಗಂಡ ಹೆಂಡತಿ ಇಬ್ಬರೂ ಕಟ್ಟಡದ ಕೆಲಸಕ್ಕೆ ಹೋಗುವವರು. ಬಿಸಿಲೂರಿಗೆ ಏನು ಒಯ್ಯಬೇಕೆಂದು ಅತ್ತೆ ಆ ಹೆಂಡತಿಯನ್ನೇ ಕೇಳಿ ಬಂದಳು.

"ಉಳ್ಳಾಗಡ್ಡಿ ಒಯ್ಯಿರಿ ಯವ್ವಾ, ಕಿಸೆದಾಗ ಇಟ್ಕೊಂಡ್ರ ಬಿಸಿಲು ಬಡಿಯಂಗಿಲ್ಲ," ಎಂದಳಂತೆ ಅವಳು. ಹೀಗಾಗಿ ಪಟ್ಟಿಯಲ್ಲಿ ಈರುಳ್ಳಿಯೂ ಸೇರಿತು.

ಅಮ್ಮನ ಬಟ್ಟೆಯದೇ ದೊಡ್ಡ ಪ್ರಕರಣ. ಸೀರೆಯಲ್ಲಿ ಸಮುದ್ರಕ್ಕಿಳಿದರೆ ಕಾಲಿಗೆ ಸುತ್ತಿಕೊಳ್ಳುತ್ತದೆ ಎಂದು ನಾನು ಹೆದರಿಸಿದ್ದೆ. ಒಂದು ಶನಿವಾರ ಶಿವಾಜಿನಗರಕ್ಕೆ ಕರೆಸಿಕೊಂಡು ಅವಳ ಜೀವಮಾನದ ಮೊದಲ ಚೂಡಿದಾರ್ ಕೊಡಿಸಿದೆ. ಮನೆಯಲ್ಲಿ ಹಾಕಿಕೊಂಡು ಹೊರಗೆ ಬಂದವಳ ಬಲಗೈ ನಿಮಿಷಕ್ಕೊಂದು ಸಲ ಸೊಂಟದ ಹತ್ತಿರ ಹೋಗಿ ಸೆರಗು ಹುಡುಕುತ್ತಿತ್ತು. ಅಪ್ಪ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡ. ಅತ್ತೆ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಚೆನ್ನಾಗೈತೆ ಕಣೆ, ಕಾಲೇಜಿಗೆ ಸೇರಿಸ್ಬಹುದು," ಎಂದಳು. ಅಮ್ಮ ಸಿಟ್ಟು ಮಾಡಿಕೊಂಡು ಒಳಗೆ ಹೋದರೂ ಚೂಡಿದಾರ್ ಬಿಚ್ಚಲಿಲ್ಲ. ಅದರಲ್ಲೇ ಮುದ್ದೆ ಮಾಡಿ ಬಡಿಸಿದಳು.

ನೀರೊಳಗೆ ನೋಡುವ ಕನ್ನಡಕವನ್ನೂ ಉಸಿರಾಡುವ ಕೊಳವೆಯನ್ನೂ ಇಂದಿರಾನಗರದ ನೂರಡಿ ರಸ್ತೆಯ ಆಟದ ಸಾಮಾನಿನ ಅಂಗಡಿಯಲ್ಲಿ ಹುಡುಕಿ ತಂದೆ. ಅಭ್ಯಾಸ ಮಾಡಲು ಸಮುದ್ರ ಎಲ್ಲಿಂದ ಬರಬೇಕು? ಹಸುವಿಗೆ ನೀರು ಕುಡಿಸುವ ಸಿಮೆಂಟಿನ ತೊಟ್ಟಿಯಿತ್ತು. ಭಾನುವಾರ ಬೆಳಿಗ್ಗೆ ಅಪ್ಪ ಕನ್ನಡಕ ಕಟ್ಟಿಕೊಂಡು, ಕೊಳವೆ ಕಚ್ಚಿಕೊಂಡು, ದೇವರನ್ನು ನೆನೆದು ಮುಖ ಮುಳುಗಿಸಿದ. ಎರಡೇ ಕ್ಷಣ. ಮೂಗಲ್ಲಿ ಬಾಯಲ್ಲಿ ನೀರು ಸುರಿಸಿಕೊಂಡು ಮೇಲೆದ್ದ. ವಠಾರದ ಮಕ್ಕಳೆಲ್ಲ ಸಾಲಾಗಿ ನಿಂತು ನೋಡುತ್ತಿದ್ದರು. ಹಸುವೂ ನೋಡುತ್ತಿತ್ತು.

"ನನಗೆ ತಳಕ್ಕೆ ಗಾಜಿರೋ ದೋಣಿನೇ ಸಾಕು," ಎಂದ ಅಪ್ಪ. ಅಂಥದ್ದೊಂದು ದೋಣಿಯ ಚಿತ್ರ ಪುಸ್ತಕದಲ್ಲಿತ್ತು. ಅಮ್ಮನೂ ಅವನ ಪಕ್ಷ ಸೇರಿದಳು. ನಾನು ನಾಲ್ಕು ಸಲ ಪ್ರಯತ್ನಿಸಿ ಹತ್ತು ಎಣಿಸುವವರೆಗೆ ತಲೆ ಮುಳುಗಿಸಿ, ಏನೋ ಗೆದ್ದವಳಂತೆ ಎದ್ದೆ.

ಅತ್ತೆ ಸಗಣಿ ಬಾಚುತ್ತಿದ್ದವಳು ಕೈ ತೊಳೆದುಕೊಂಡು ಬಂದಳು. "ಕೊಡಿಲ್ಲಿ, ಅದು ಹೆಂಗೈತೆ ನೋಡ್ತೀನಿ." ಕಟ್ಟಿಕೊಂಡಳು. ಬಗ್ಗಿ ಮುಖ ಮುಳುಗಿಸಿದಳು. ನಾನು ಎಣಿಸತೊಡಗಿದೆ. ಮೂವತ್ತಾಯಿತು, ಅರವತ್ತಾಯಿತು. ಕೊಳವೆಯಿಂದ ಉಸಿರು ಬುಸ್ ಬುಸ್ ಎಂದು ಒಂದೇ ಹದದಲ್ಲಿ ಬರುತ್ತಿತ್ತು. ನೂರು ದಾಟಿದಾಗ ಅಮ್ಮ ಹೆದರಿ ಅವಳ ಭುಜ ಹಿಡಿದು ಎಳೆದಳು. ಅತ್ತೆ ಎದ್ದು, ಕನ್ನಡಕ ಹಣೆಗೆ ಏರಿಸಿ, ನಮ್ಮನ್ನೆಲ್ಲ ಒಮ್ಮೆ ನೋಡಿದಳು.

"ತೊಟ್ಟಿ ತಳ ತಿಕ್ಕಬೇಕು, ಪಾಚಿ ಕಟ್ಟೈತೆ," ಎಂದಳು.

ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಹವಳದ ದಿಬ್ಬ ನೋಡಲು ಹೊರಟ ಮೂವರಿಗೆ ನೀರೆಂದರೆ ಭಯ. ನೀರು ಬಲ್ಲವಳು ಪೊರಕೆ ತಗೊಂಡು ತೊಟ್ಟಿ ತಿಕ್ಕುತ್ತಿದ್ದಾಳೆ. ಆ ದಿನವೂ ನಾನು ಹೇಳಲಿಲ್ಲ. ಅಪ್ಪನ ಮುಂದೆ ಮೆಲ್ಲಗೆ ಮಾತು ತೆಗೆದೆ. "ಅಕ್ಕನಾ? ಅವಳು ಕೆ.ಆರ್. ಪುರದ ಸಂತೆಗೇ ಬರಲ್ಲ ಅಂತಾಳೆ," ಎಂದು ಅವನು ಅಲ್ಲಿಗೇ ಮುಗಿಸಿದ. ನಾನೂ ಮುಗಿಸಿದೆ.

ಅಪ್ಪ ಅಮ್ಮನ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ್ದಾಯಿತು. ವಿಚಾರಣೆಗೆ ಠಾಣೆಯಿಂದ ಒಬ್ಬ ಪೇದೆ ಬಂದರು. ಸಭ್ಯ ಮನುಷ್ಯ. ಅತ್ತೆ ಕೊಟ್ಟ ಕಾಫಿ ಕುಡಿಯುತ್ತ ಅಪ್ಪನನ್ನು ಕೇಳಿದರು.

"ಯಾವ ಊರಿಗೆ ಹೋಗ್ತಿದೀರ ಯಜಮಾನ್ರೆ?"

"ಹುರಿಗಡಲೆಗೆ."

ಪೇದೆ ಲೋಟ ಕೆಳಗಿಟ್ಟರು. "ಅದೆಲ್ಲಿ ಬರುತ್ತೆ?"

"ಅರಬ್ ದೇಶದ ಕಡೆ. ಮಗಳು ಎಲ್ಲಾ ಮಾಡವಳೆ."

"ಏನು ಕೆಲಸದ ಮೇಲೆ?"

"ಹವಳಕ್ಕೆ," ಎಂದ ಅಪ್ಪ. ನೋಡೋಕೆ ಎಂಬುದನ್ನು ನುಂಗಿಬಿಟ್ಟಿದ್ದ.

"ಹವಾಲಾಕ್ಕಾ?"

"ಹೂಂ, ಹವಳ. ಅಲ್ಲಿ ಬೇಕಾದಷ್ಟು ಐತಂತೆ. ನೀರೊಳಗೆ."

ಪೇದೆಯವರು ಪೆನ್ನಿನ ಮುಚ್ಚಳ ತೆಗೆದದ್ದನ್ನು ಒಳಗಿನಿಂದ ನೋಡಿದ ಅತ್ತೆ ನನ್ನನ್ನು ಹೊರಗೆ ದೂಡಿದಳು. ನಾನು ಬಣ್ಣದ ಪುಸ್ತಕ ಹಿಡಿದುಕೊಂಡು ಓಡಿದೆ. ಪುಟ ತೆರೆದು ತೋರಿಸಿ, ಇದು ಹವಳ ಸಾರ್, ಇದು ಮೀನು, ಇದು ದೋಣಿ ಎಂದು ಒಂದನೇ ಕ್ಲಾಸಿನ ಮೇಷ್ಟ್ರಂತೆ ಪಾಠ ಮಾಡಿದೆ. ಅವರು ನಕ್ಕ ನಗುವಿಗೆ ಹಸು ಕಿವಿ ನಿಗುರಿಸಿತು. ಹೊರಡುವಾಗ ಪುಸ್ತಕವನ್ನು ಇನ್ನೊಮ್ಮೆ ಇಸಿದುಕೊಂಡು ನೋಡಿ, "ನಮ್ಮ ಮನೆಯವಳಿಗೆ ತೋರಿಸ್ಬೇಕಿತ್ತು ಇದನ್ನ," ಎಂದರು. ಅವತ್ತಿಡೀ ಅತ್ತೆ ಅಪ್ಪನನ್ನು "ಏನಪ್ಪ ಹವಾಲಾದೋನೇ" ಎಂದು ಕರೆದಳು.

ಪಾಸ್‌ಪೋರ್ಟುಗಳು ಬಂದವು. ಅಪ್ಪ ತನ್ನದನ್ನು ದೇವರ ಪಟದ ಮುಂದೆ ಇಟ್ಟ. ಹೊರಡುವ ತಾರೀಕು ಗೊತ್ತು ಮಾಡುವುದಷ್ಟೇ ಬಾಕಿ. ಒಂದು ಭಾನುವಾರ ಬೆಳಿಗ್ಗೆ ಅಮ್ಮ ಪಂಚಾಂಗ ಹಿಡಿದು ಕೂತಳು. ನಾನು ಸೀಟು ಖಾಲಿಯಿರುವ ದಿನಗಳನ್ನು ಓದುತ್ತ ಹೋದೆ, ಅವಳು ರಾಹುಕಾಲ, ಅಮಾವಾಸ್ಯೆ ಎಂದು ಒಂದೊಂದನ್ನೇ ಹೊಡೆದುಹಾಕುತ್ತ ಹೋದಳು. ಕೊನೆಗೆ ಒಂದು ಬುಧವಾರ ಉಳಿಯಿತು. ಅಷ್ಟರಲ್ಲಿ ಅಮ್ಮ ತಟ್ಟನೆ ನೆನಪಾದವಳಂತೆ ಪಂಚಾಂಗ ಮಡಚಿದಳು.

"ಅಲ್ಲ, ನಾವು ಮೂರು ಜನ ಆಗ್ತೀವಲ್ಲ."

ನಮ್ಮ ಕಡೆ ಮೂವರು ಒಟ್ಟಿಗೆ ಯಾವ ಕೆಲಸಕ್ಕೂ ಹೊರಡುವುದಿಲ್ಲ. ಹೊರಟರೆ ಕೆಲಸ ಕೆಡುತ್ತದೆ ಎಂಬ ನಂಬಿಕೆ. ಹೊರಡಲೇಬೇಕಾದರೆ ಅದಕ್ಕೊಂದು ಉಪಾಯವುಂಟು. ಒಂದು ಸಣ್ಣ ಕಲ್ಲನ್ನು ಜೇಬಿಗೋ ಚೀಲಕ್ಕೋ ಹಾಕಿಕೊಂಡರೆ ಅದೇ ನಾಲ್ಕನೆಯವರು ಎಂದು ಲೆಕ್ಕ. ಹೆಣ್ಣು ನೋಡಲು ಹೋಗುವಾಗ, ಜಮೀನಿನ ರಿಜಿಸ್ಟ್ರಿಗೆ ಹೋಗುವಾಗ ನಮ್ಮವರ ಜೇಬಿನಲ್ಲಿ ಹೀಗೆ ಎಷ್ಟು ಕಲ್ಲುಗಳು ಓಡಾಡಿವೆಯೋ. ನಾನು ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಗೆಳತಿಯರಿಬ್ಬರ ಜೊತೆ ಹೋದಾಗಲೂ ಪೆನ್ಸಿಲ್ ಡಬ್ಬಿಯಲ್ಲಿ ಒಂದಿತ್ತು.

"ಅದಕ್ಕೇನಂತೆ, ಒಂದು ಕಲ್ಲು ಇಟ್ಕೊಂಡ್ರಾಯ್ತು," ಎಂದ ಅಪ್ಪ. ಅಂಗಳದ ಕಡೆ ತಿರುಗಿ ಕೂಗಿದ. "ಅಕ್ಕಾ, ಅಲ್ಲೊಂದು ಒಳ್ಳೆ ಕಲ್ಲು ನೋಡಿ ತತ್ತಾ. ನಮ್ಮ ಜೊತೆ ಕಳಿಸೋಕೆ."

ಅತ್ತೆ ಬೇಗ ಬರಲಿಲ್ಲ. ಕಿಟಕಿಯಿಂದ ನನಗೆ ಕಾಣುತ್ತಿದ್ದಳು. ಮೂರನೇ ಸಾಲಿನ ಮನೆಗಳ ಪಕ್ಕ ಬಗ್ಗಿ ಒಂದನ್ನು ಎತ್ತಿ ನೋಡಿ ಬಿಸಾಡಿದಳು, ಇನ್ನೊಂದನ್ನು ಎತ್ತಿದಳು. ಅದನ್ನು ನಲ್ಲಿಯಲ್ಲಿ ತೊಳೆದು, ಸೆರಗಿನಲ್ಲಿ ಒರೆಸಿಕೊಂಡು ಬಂದಳು. ನಿಂಬೆಹಣ್ಣಿನಷ್ಟು ದೊಡ್ಡದು, ಬೂದು ಬಣ್ಣ, ನುಣುಪಾಗಿತ್ತು. ನನ್ನ ಅಂಗೈಯಲ್ಲಿಟ್ಟಳು.

"ಬಾವಿ ಕಟ್ಟೆದು ಇರ್ಬೇಕು. ಪಾಪ, ಇದೂ ನೀರು ನೋಡಿ ಬಾಳಾ ದಿನ ಆಯ್ತು. ಕಿಟಕಿ ಪಕ್ಕದ ಸೀಟೇ ಕೊಡ್ಸವ್ವ ಇದಕ್ಕೆ," ಎಂದು ನಕ್ಕಳು.

ಅಪ್ಪ ಅಮ್ಮನೂ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ನನ್ನ ಕೋಪ ನಮ್ಮ ಮನೆಯಲ್ಲಿ ಹೆಸರುವಾಸಿ. ಮೂಗಿನ ತುದಿಯಲ್ಲೇ ಇರುತ್ತದೆ. ಕಲ್ಲನ್ನು ಪಂಚಾಂಗದ ಮೇಲೆ ಕುಕ್ಕಿದೆ.

"ನಾಚಿಕೆ ಆಗ್ಬೇಕು ನಮಗೆ. ನಾಲ್ಕನೆಯೋರು ಅಂತ ಕಲ್ಲು ಹೊತ್ಕೊಂಡು ಹೋಗ್ತೀವಿ. ನಾಲ್ಕನೆಯೋರು ಮನೇಲೇ ಇದಾರಲ್ಲ. ಅವ್ರ ಕೈಯಲ್ಲೇ ಕಲ್ಲು ತರಿಸ್ತೀವಿ."

ಅಪ್ಪ ಕಕ್ಕಾಬಿಕ್ಕಿಯಾದ. "ಅಕ್ಕ ಎಲ್ಲಿಗೂ ಬರಲ್ವಲ್ಲಮ್ಮ."

"ನೀನು ಯಾವತ್ತು ಕೇಳಿದೀಯ?"

"ಅದನ್ನೇನು ಕೇಳೋದು. ಮನೆ ನೋಡ್ಕೊಳ್ಳೋರು ಯಾರು? ದೀಪ ಹಚ್ಚೋರು ಯಾರು? ಹಸು ಹಿಂಡೋರು ಯಾರು?"

ಜಗಳ ಕೇಳಿ ಬಾಗಿಲಿಗೆ ಬಂದಿದ್ದ ರಾಯಚೂರಿನ ಹೆಂಗಸು ಅಲ್ಲಿಂದಲೇ ಹೇಳಿದಳು. "ನಾ ಹಿಂಡತೀನಿ ತಗೋರಿ ಯಪ್ಪಾ. ನಮ್ಮೂರಾಗ ನಾಕು ಎಮ್ಮಿ ಹಿಂಡೀನಿ ನಾ. ದೀಪಾನೂ ಹಚ್ಚತೀನಿ." ಅವಳು ನಮ್ಮ ವಠಾರಕ್ಕೆ ಬಂದು ಆರು ವರ್ಷವಾಗಿತ್ತು. ಅವಳಿಗೆ ಹಾಲು ಹಿಂಡಲು ಬರುತ್ತದೆ ಎಂಬುದು ನಮಗೆ ಅವತ್ತೇ ತಿಳಿದದ್ದು.

ನಾನು ಇನ್ನೂ ಬೈಯುತ್ತಲೇ ಇದ್ದೆ. ಅಪ್ಪನಿಗೆ, ಅಮ್ಮನಿಗೆ, ರಿಯಾಯಿತಿ ಕೊಟ್ಟ ಹೋಟೆಲಿಗೆ, ಮೂರೇ ಗೆರೆ ಎಳೆದವನಿಗೆ. ನನ್ನನ್ನು ಮಾತ್ರ ಬಿಟ್ಟು. ಅಮ್ಮ ಎದ್ದು ಅತ್ತೆಯ ಮುಂದೆ ಹೋಗಿ ನಿಂತಳು. ನಾನು ಕೂಗಾಡಿದ್ದಷ್ಟೇ, ಕೇಳಿದವಳು ಅವಳು.

"ಅಕ್ಕ, ನೀವು ಬರ್ತೀರಾ?"

ಅತ್ತೆ ಸೆರಗಿನಿಂದ ಒಮ್ಮೆ ಮುಖ ಒರೆಸಿಕೊಂಡಳು. ನಂಗೆ ಬೇಡ ಎನ್ನುತ್ತಾಳೆ ಎಂದು ನಾವು ಮೂವರೂ ಕಾದೆವು. ಮನೆಗೆ ಹೊಸ ಸೀರೆ ಬಂದಾಗ, ಹಬ್ಬದ ಊಟಕ್ಕೆ ಯಾರಾದರೂ ಕರೆದಾಗ, ಅವಳು ಹೇಳುತ್ತಿದ್ದದ್ದು ಅದೊಂದೇ ಮಾತು. ಅವಳು ಸೊಂಟದಲ್ಲಿದ್ದ ತನ್ನ ಎಲೆಅಡಿಕೆ ಚೀಲ ಬಿಚ್ಚಿ, ಅದರ ಒಳಗಿನ ಖಾನೆಯಿಂದ ಒಂದು ಸಣ್ಣ ಕಾಗದದ ಕವರ್ ತೆಗೆದು ಅಮ್ಮನ ಕೈಗೆ ಕೊಟ್ಟಳು.

ಕೆ.ಆರ್. ಪುರದ ಒಂದು ಸ್ಟುಡಿಯೋದ ಕವರ್. ಒಳಗೆ ಪಾಸ್‌ಪೋರ್ಟ್ ಅಳತೆಯ ಎಂಟು ಫೋಟೋ. ಎಂಟರಲ್ಲೂ ಅತ್ತೆ. ಕೂದಲನ್ನು ಹಿಂದಕ್ಕೆ ಬಿಗಿದು ಕಟ್ಟಿ, ಎರಡೂ ಕಿವಿ ಕಾಣುವಂತೆ ಕೂತಿದ್ದಳು. ಪಾಸ್‌ಪೋರ್ಟಿಗೆ ಹಾಗೆ ಬೇಕೆಂದು ನಾನು ಅಮ್ಮನಿಗೆ ಹೇಳುವಾಗ ಕೇಳಿಸಿಕೊಂಡಿದ್ದಳಂತೆ.

"ಯಾವಾಗ ತೆಗೆಸ್ದೆ ಅತ್ತೆ?"

"ನೀನು ಪುಸ್ತಕ ತಂದ್ಯಲ್ಲ, ಅದೇ ವಾರ. ಮನೇಲಿ ಯಾರೂ ಇಲ್ದಾಗ ಒಬ್ಬಳೇ ಸಂತೆ ಕಡೆ ಹೋಗಿದ್ದೆ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಏನಂತ ಹೇಳ್ಲಿ? ಯಾರಾದ್ರೂ ಕೇಳಿದ್ರೆ ಇರ್ಲಿ ಅಂತ ತೆಗೆಸಿದ್ದು. ಕೇಳಿಲ್ಲ ಅಂದ್ರೆ ಯಾರಿಗೆ ಗೊತ್ತಾಗ್ತಿತ್ತು."

ಎರಡು ತಿಂಗಳಿಗೂ ಹೆಚ್ಚು ಕಾಲ ಅವು ಆ ಚೀಲದಲ್ಲಿದ್ದವು. ಎಲೆ ಮಡಚುವಾಗೆಲ್ಲ, ದಿನಕ್ಕೆ ಹತ್ತು ಸಲವಾದರೂ ಅವಳ ಕೈ ಅದನ್ನು ಮುಟ್ಟಿರಬೇಕು. ಚಟ್ನಿಪುಡಿ ಕುಟ್ಟಿದಾಗ, ತೊಟ್ಟಿ ತಿಕ್ಕಿದಾಗ, ಪೇದೆಯವರಿಗೆ ಕಾಫಿ ಕೊಟ್ಟಾಗ, ಅಪ್ಪನಿಗೆ ಕಲ್ಲು ಹುಡುಕಿದಾಗ, ಆ ಎಂಟು ಫೋಟೋ ಅವಳ ಸೊಂಟದಲ್ಲೇ ಇದ್ದವು. ನನಗೆ ಅಳು ಬಂತು. ಅಪ್ಪ ಫೋಟೋಗಳನ್ನು ಕೈಗೆ ತೆಗೆದುಕೊಂಡು ಒಂದೊಂದನ್ನೇ ತಿರುವಿ ನೋಡಿದ. ಎಂಟೂ ಒಂದೇ ಫೋಟೋ ಎಂದು ಗೊತ್ತಿದ್ದೂ ಎಂಟನ್ನೂ ನೋಡಿದ.

"ಅಕ್ಕ, ನನ್ನ ಟಿಕೆಟ್ ಪೂರ್ತಿ ಬೆಲೆದು ಮಾಡ್ಸಿ, ನಿನಗೆ ರಿಯಾಯ್ತಿದು ಕೊಡ್ಸ್ತೀನಿ," ಎಂದ. ಹಾಗೆ ಮಾಡಿದರೂ ಹೀಗೆ ಮಾಡಿದರೂ ಖರ್ಚು ಒಂದೇ ಎಂದು ನಾನು ಹೇಳಹೊರಟೆ. ಅಮ್ಮ ಕಣ್ಣಲ್ಲೇ ಸುಮ್ಮನಿರಿಸಿದಳು. ಅದು ಅವನಿಗೆ ಗೊತ್ತಿದ್ದ ಕ್ಷಮಾಪಣೆ.

ಒಂದು ತೊಡಕಿತ್ತು. ಎಂಟು ಫೋಟೋಗಳ ಅಂಚಿಗೂ ಸುಣ್ಣದ ಕಲೆ ಹತ್ತಿತ್ತು, ಎರಡಕ್ಕೆ ಕೆನ್ನೆಯ ಮೇಲೆಯೇ. ಅರ್ಜಿಗೆ ಇವು ನಡೆಯುವುದಿಲ್ಲ, ಬೇರೆ ತೆಗೆಸಬೇಕು ಎಂದೆ. ನಾಳೆ ಹೋದರಾಯಿತು ಎಂದಳು ಅತ್ತೆ. ನಾಳೆ ಎಂಬ ಮಾತು ನನಗೆ ಸಾಕಾಗಿತ್ತು. ಆಗಲೇ ಹೊರಡಿಸಿದೆ. ಅಮ್ಮನೂ ಅಪ್ಪನೂ ಚಪ್ಪಲಿ ಮೆಟ್ಟಿಕೊಂಡರು. ಒಂದು ಫೋಟೋ ತೆಗೆಸಲು ನಾಲ್ಕು ಜನ, ಬೆಳಗಿನ ತಿಂಡಿಯೂ ಇಲ್ಲದೆ, ಒಂದೇ ಆಟೋದಲ್ಲಿ ಒತ್ತಿಕೊಂಡು ಕೆ.ಆರ್. ಪುರದ ಅದೇ ಸ್ಟುಡಿಯೋಗೆ ಹೋದೆವು. ದಾರಿಯುದ್ದಕ್ಕೂ ಅತ್ತೆಯ ಪ್ರಶ್ನೆಗಳು ಮುಗಿಯಲಿಲ್ಲ. ಅಲ್ಲಿ ಸಮುದ್ರಕ್ಕೆ ಎಷ್ಟು ಹೊತ್ತಿಗೆ ಇಳಿಯಲು ಬಿಡುತ್ತಾರೆ, ಮೀನು ಕಚ್ಚುತ್ತದಾ, ಉಪ್ಪು ನೀರಲ್ಲಿ ಮೈ ಹಗುರಾಗುತ್ತದಂತಲ್ಲ ಹೌದಾ. ಎರಡು ತಿಂಗಳು ನಮ್ಮೆಲ್ಲರ ಪ್ರಶ್ನೆ ಕೇಳಿಸಿಕೊಂಡವಳು ತನ್ನವನ್ನು ಎಲ್ಲಿಟ್ಟುಕೊಂಡಿದ್ದಳೋ.

ಸ್ಟುಡಿಯೋದವನು ಅವಳನ್ನು ನೀಲಿ ಪರದೆಯ ಮುಂದೆ ಸ್ಟೂಲಿನ ಮೇಲೆ ಕೂರಿಸಿ, ಗಲ್ಲ ಸರಿಮಾಡಿ, ಹಿಂದೆ ಹೋದ.

"ನಗಬೇಡಿ ಅಮ್ಮ. ಪಾಸ್‌ಪೋರ್ಟಿಗೆ ಹಲ್ಲು ಕಾಣಬಾರದು."

ಅತ್ತೆ ತುಟಿ ಬಿಗಿದಳು. ಅವನು ಕ್ಯಾಮೆರಾ ಎತ್ತಿದ. ತುಟಿ ಅದರಷ್ಟಕ್ಕೆ ಬಿಚ್ಚಿಕೊಂಡಿತು. ಸೆರಗಿನಿಂದ ಬಾಯಿ ಮುಚ್ಚಿಕೊಂಡು, ತಾಳಪ್ಪ ಒಂದು ನಿಮಿಷ ಎಂದಳು. ಮತ್ತೆ ಕೂತಳು, ಮತ್ತೆ ಅದೇ ಕತೆ. ಬಾಗಿಲಲ್ಲಿ ನಿಂತಿದ್ದ ಅಪ್ಪ ಗಂಭೀರವಾಗಿ, "ಅಕ್ಕ, ಹುರಿಗಡಲೆಗೆ ಹೋಗ್ಬೇಕೋ ಬೇಡ್ವೋ, ಸುಮ್ನೆ ಕೂತ್ಕೊ," ಎಂದ. ಅಷ್ಟೇ, ಅವಳು ಸ್ಟೂಲಿನಿಂದ ಬೀಳುವಷ್ಟು ನಕ್ಕಳು. ಒಂದು ಫೋಟೋಗೆ ಐದು ಸಲ ತೆಗೆಯಬೇಕಾಯಿತು. ಐದನೆಯದರಲ್ಲೂ ಹಲ್ಲು ಕಾಣದಿದ್ದರೂ ನಗು ಕಾಣುತ್ತಿತ್ತು. ಅಷ್ಟು ನಡೆಯುತ್ತೆ ಬಿಡಿ ಎಂದು ಸ್ಟುಡಿಯೋದವನೇ ಸೋತ.

ಅವು ಒಣಗಿ ಕೈಗೆ ಬರುವವರೆಗೆ ಬೆಂಚಿನ ಮೇಲೆ ಕಾಯುತ್ತ ಹಳೆಯ ಕವರನ್ನು ಬಿಚ್ಚಿ ಇನ್ನೊಮ್ಮೆ ನೋಡಿದೆ. ಆ ಎಂಟು ಫೋಟೋ ತೆಗೆದ ದಿನ, ಇದೇ ಸ್ಟೂಲಿನ ಮೇಲೆ ಕೂತಿದ್ದವಳಿಗೆ ನಗಬೇಡಿ ಎಂದು ಯಾರೂ ಹೇಳಬೇಕಾಗಿರಲಿಲ್ಲ.